ವಿನ್ಯಾಸಶಾಲೆಗೊಂದು ತಂಪು ಕಟ್ಟಡ

ವೈಶಾಖ ಮಾಸದ ಮಧ್ಯಾಹ್ನ ಮೂರು ಗಂಟೆಗೆ ತಾರಸಿಯ ಮೇಲೆ ಬರಿಗಾಲಿನಲ್ಲಿ ನಾಲ್ಕು ಹೆಜ್ಜೆ ಇಟ್ಟವರಿಗೆ, ನಾನು ಈ ದಿನ ಹೇಳಬೇಕೆಂದಿರುವ ವಿಷಯದ ಅರ್ಧ ಭಾಗ ಆಗಲೇ ತಿಳಿದಿರುತ್ತದೆ. ಉಳಿದ ಅರ್ಧ ತಿಳಿಯುವುದು ರಾತ್ರಿ ಹತ್ತು ಗಂಟೆಗೆ. ಹೊರಗೆ ಜಗಲಿಯ ಮೇಲೆ ಗಾಳಿ ತಣ್ಣಗೆ ಸುಳಿಯುತ್ತಿರುತ್ತದೆ. ಒಳಗೆ ಮಲಗಿದವನಿಗೆ ಮಾತ್ರ ಯಾರೋ ಮೇಲಿನಿಂದ ಕಾದ ಹೆಂಚನ್ನು ಹಿಡಿದಂತೆ ಇರುತ್ತದೆ. ಹಗಲೆಲ್ಲ ಬಿಸಿಲು ಕುಡಿದ ಕಾಂಕ್ರೀಟು ರಾತ್ರಿಯೆಲ್ಲ ಅದನ್ನು ನಮ್ಮ ಮೇಲೆ ಕಾರುತ್ತದೆ. ನಾವು ಫ್ಯಾನು ಹಾಕುತ್ತೇವೆ; ಅದು ಆ ಬಿಸಿಗಾಳಿಯನ್ನೇ ತಿರುವಿ ತಿರುವಿ ಕೊಡುತ್ತದೆ. ಅನುಕೂಲವುಳ್ಳವರು ಹವಾನಿಯಂತ್ರಣದ ಯಂತ್ರವನ್ನು ಕೂರಿಸುತ್ತಾರೆ. ಅದು ನಮ್ಮ ಕೋಣೆಯ ಬಿಸಿಯನ್ನು ಹೊತ್ತುಕೊಂಡು ಹೋಗಿ ಪಕ್ಕದ ಮನೆಯವರ ಕಿಟಕಿಯ ಮುಂದೆ ಸುರಿಯುತ್ತದೆ. ತಿಂಗಳ ಕೊನೆಗೆ ಬರುವ ವಿದ್ಯುತ್ ಬಿಲ್ಲಿನ ಮಾತು ಬೇರೆ.

ಒಂದು ಸಂಸಾರದ ಪಾಡು ಹೀಗಾದರೆ, ನೂರಾರು ವಿದ್ಯಾರ್ಥಿಗಳು ಬೆಳಗಿನಿಂದ ಸಂಜೆಯವರೆಗೆ ಕುಳಿತು ಕೆಲಸ ಮಾಡತಕ್ಕ ಶಾಲೆಯ ಪಾಡೇನು? ಅದೂ ಮರುಭೂಮಿಯ ಅಂಚಿನ ಊರಿನಲ್ಲಿ? ಅಂಥ ಒಂದು ಶಾಲೆಯ ಕಟ್ಟಡವನ್ನು ಕುರಿತು ನಾಲ್ಕು ಮಾತು ಹೇಳುತ್ತೇನೆ. ರಾಜಸ್ಥಾನದ ಜಯಪುರದ ಹೊರವಲಯದಲ್ಲಿ, ಕೂಕಸ್ ಎಂಬ ಸ್ಥಳದಲ್ಲಿ, 2008ರಲ್ಲಿ ಕಟ್ಟಿ ಮುಗಿಸಿದ ಕಟ್ಟಡ ಅದು. ಉಡುಪಿನ ವಿನ್ಯಾಸ ಮೊದಲಾದವನ್ನು ಕಲಿಸುವ ಪರ್ಲ್ ಅಕಾಡೆಮಿ ಎಂಬ ಸಂಸ್ಥೆಗಾಗಿ ದೆಹಲಿಯ ‘ಮಾರ್ಫೊಜೆನೆಸಿಸ್’ ಎಂಬ ವಾಸ್ತುಶಿಲ್ಪಿಗಳ ಬಳಗದವರು ಅದನ್ನು ರೂಪಿಸಿದರು. ಮನಿತ್ ರಸ್ತೋಗಿ ಮತ್ತು ಸೊನಾಲಿ ರಸ್ತೋಗಿ ಆ ಬಳಗದ ಸ್ಥಾಪಕರು. 2009ರಲ್ಲಿ ಬಾರ್ಸಿಲೋನಾ ನಗರದಲ್ಲಿ ನಡೆದ ವಿಶ್ವ ವಾಸ್ತುಶಿಲ್ಪ ಉತ್ಸವದಲ್ಲಿ ವಿದ್ಯಾಭ್ಯಾಸದ ಕಟ್ಟಡಗಳ ವರ್ಗದ ಬಹುಮಾನ ಇದಕ್ಕೆ ದೊರೆಯಿತು. ಬಹುಮಾನ ಬಂತೆಂದು ನಾನು ಇದನ್ನು ಆರಿಸಿಕೊಂಡಿಲ್ಲ. ಇದರಲ್ಲಿ ಬಳಸಿದ ಉಪಾಯಗಳಲ್ಲಿ ಒಂದೆರಡು ನಮ್ಮ ಅಜ್ಜಿಯರಿಗೂ ಗೊತ್ತಿದ್ದುವು, ಅದಕ್ಕಾಗಿ ಆರಿಸಿಕೊಂಡೆ.

ವಿನ್ಯಾಸಶಾಲೆಯೆಂದರೆ ಸಾಮಾನ್ಯ ಪಾಠಶಾಲೆಯಂತಲ್ಲ. ಅಲ್ಲಿ ಕುಳಿತು ಕೇಳುವುದು ಕಡಿಮೆ, ನಿಂತು ಮಾಡುವುದು ಹೆಚ್ಚು. ದೊಡ್ಡ ಮೇಜುಗಳ ಮೇಲೆ ಬಟ್ಟೆ ಹರಡಬೇಕು, ಕತ್ತರಿಸಬೇಕು, ಹೊಲಿಯಬೇಕು, ಬಣ್ಣ ಕಟ್ಟಬೇಕು, ಮಾಡಿದ್ದನ್ನು ತೂಗುಹಾಕಿ ಹತ್ತು ಜನ ಸುತ್ತ ನಿಂತು ನೋಡಬೇಕು. ಬಣ್ಣವನ್ನು ಸರಿಯಾಗಿ ಕಾಣಲು ಹಗಲಿನ ಬೆಳಕೇ ಆಗಬೇಕು. ಆದರೆ ನೇರ ಬಿಸಿಲು ಬಿದ್ದರೆ ಕಣ್ಣು ಕುಕ್ಕುತ್ತದೆ, ಬಣ್ಣವೂ ಮಾಸುತ್ತದೆ. ಇನ್ನು ಬಿಸಿಯ ಲೆಕ್ಕ. ಸುಮ್ಮನೆ ಕುಳಿತ ಒಬ್ಬ ಮನುಷ್ಯನ ದೇಹ ಸುಮಾರು 100 ವ್ಯಾಟಿನಷ್ಟು ಶಾಖವನ್ನು ಹೊರಕ್ಕೆ ಬಿಡುತ್ತಲೇ ಇರುತ್ತದೆ. ನಲವತ್ತು ಜನ ಕುಳಿತ ಕೋಣೆಯಲ್ಲಿ ನಾಲ್ಕು ಇಸ್ತ್ರಿ ಪೆಟ್ಟಿಗೆಗಳನ್ನು ಕಾಯಿಸಿ ಇಟ್ಟಂತಾಯಿತು. ಉಡುಪಿನ ಶಾಲೆಯಲ್ಲಿ ನಿಜವಾದ ಇಸ್ತ್ರಿ ಪೆಟ್ಟಿಗೆಗಳೂ ಇರುತ್ತವೆ, ಹೊಲಿಗೆ ಯಂತ್ರಗಳೂ ಕಂಪ್ಯೂಟರುಗಳೂ ಇರುತ್ತವೆ. ಹೀಗೆ ಬೆಳಕು ಬೇಕು, ಬಿಸಿಲು ಬೇಡ. ಗಾಳಿ ಬೇಕು, ಧೂಳು ಬೇಡ. ಜನ ಬೇಕು, ಜನರ ಬಿಸಿ ಬೇಡ. ಕಟ್ಟುವವನಿಗೆ ಇದು ಸುಲಭದ ಒಗಟಲ್ಲ.

ಊರಿನ ಹವೆಯೂ ಅದಕ್ಕೆ ತಕ್ಕ ಹಾಗೆಯೇ ಇದೆ. ಜಯಪುರದಲ್ಲಿ ಮೇ ತಿಂಗಳ ಹಗಲು 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಜನವರಿಯ ರಾತ್ರಿ 8–9 ಡಿಗ್ರಿಗೆ ಇಳಿಯುತ್ತದೆ. ಮಳೆಯ ಬಹುಭಾಗ ಜುಲೈಯಿಂದ ಸೆಪ್ಟೆಂಬರಿನೊಳಗೆ ಬಂದು ಮುಗಿಯುತ್ತದೆ. ಬೇಸಗೆಯ ಗಾಳಿ ಒಣಗಾಳಿ. ಒದ್ದೆ ಬಟ್ಟೆ ಹರವಿ ಹಿಂತಿರುಗಿ ನೋಡುವುದರೊಳಗೆ ಒಣಗಿರುತ್ತದೆ. ಈ ಕೊನೆಯ ಮಾತನ್ನು ಶ್ರೋತೃಗಳು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಇಂಥ ಕಡೆ ಗಾಜಿನ ಗೋಡೆಯ ದೊಡ್ಡ ಪೆಟ್ಟಿಗೆಯೊಂದನ್ನು ನಿಲ್ಲಿಸಿ, ಯಂತ್ರಗಳಿಂದ ಅದನ್ನು ತಣ್ಣಗಾಗಿಸುವುದು ಈಗಿನ ಕಾಲದ ರೂಢಿ. ಗಾಜಿನ ಗುಣ ವಿಚಿತ್ರವಾದದ್ದು. ಬಿಸಿಲನ್ನು ಒಳಗೆ ಬಿಡುತ್ತದೆ. ಆ ಬಿಸಿಲಿನಿಂದ ಕಾದ ಮೇಜು ಕುರ್ಚಿಗಳು ಸೂಸುವ ಶಾಖವನ್ನು ಮಾತ್ರ ಹೊರಗೆ ಬಿಡುವುದಿಲ್ಲ. ಒಳಗೆ ಪರದೆ ಎಳೆದುಕೊಂಡರೆ ಕಣ್ಣಿಗೆ ಹಿತ, ಅಷ್ಟೆ. ಬಿಸಿಲು ಆಗಲೇ ಮನೆಯೊಳಗೆ ಬಂದಾಗಿದೆ. ಬಿಸಿಲನ್ನು ತಡೆಯಬೇಕಾದದ್ದು ಗಾಜಿನ ಆಚೆ. ಹಿಂದಿನವರು ಪಡಸಾಲೆಯ ಹೊರಗಡೆ ಬಿದಿರಿನ ತಟ್ಟಿ ಇಳಿಬಿಡುತ್ತಿದ್ದುದು ಸುಮ್ಮನೆ ಅಲ್ಲ.

ಕೂಕಸ್‌ನ ಕಟ್ಟಡದ ಮೊದಲನೆಯ ಉಪಾಯ ಇದೇ. ಕಟ್ಟಡದ ಗೋಡೆಯಿಂದ 4 ಅಡಿ ದೂರದಲ್ಲಿ, ಅದರ ಸುತ್ತಲೂ ರಂಧ್ರಮಯವಾದ ಇನ್ನೊಂದು ತೆರೆಯನ್ನು ನಿಲ್ಲಿಸಿದ್ದಾರೆ. ಹಿಂದಿಯವರು ಇದನ್ನು ‘ಜಾಲಿ’ ಎನ್ನುತ್ತಾರೆ. ನಮ್ಮ ಹೊಲದ ಬದುವಿನ ಮುಳ್ಳಿನ ಜಾಲಿಯಲ್ಲ. ನಾವು ಜಾಲಂಧ್ರ ಎನ್ನುವ ವಸ್ತು. ಬೇಲೂರಿಗೆ ಹೋದವರು ಚೆನ್ನಕೇಶವನ ಗುಡಿಯಲ್ಲಿ ಇಂಥವನ್ನು ನೋಡಿಯೇ ಇರುತ್ತೀರಿ. 1117ರ ಆ ಗುಡಿಯ ನವರಂಗ ಮೊದಲು ತೆರೆದೇ ಇತ್ತು. ಕಲ್ಲಿನ ಜಾಲಂಧ್ರಗಳನ್ನು ಕೂರಿಸಿದ್ದು ಆಮೇಲೆ, ಇಮ್ಮಡಿ ಬಲ್ಲಾಳನ ಕಾಲದಲ್ಲಿ. ಜಯಪುರದವರಿಗಂತೂ ಇದು ಮನೆಯ ವಿದ್ಯೆ. 1799ರಲ್ಲಿ ಸವಾಯಿ ಪ್ರತಾಪಸಿಂಹ ಕಟ್ಟಿಸಿದ ಹವಾಮಹಲಿನ ಮುಖವೆಲ್ಲ ಜಾಲಂಧ್ರಗಳೇ. ರಾಣಿವಾಸದವರು ಒಳಗಿನಿಂದ ಬೀದಿಯನ್ನು ನೋಡಬಹುದಿತ್ತು, ಬೀದಿಯವರಿಗೆ ಅವರು ಕಾಣುತ್ತಿರಲಿಲ್ಲ. ಗಾಳಿ ಮಾತ್ರ ಇಬ್ಬರನ್ನೂ ಕೇಳದೆ ಓಡಾಡುತ್ತಿತ್ತು.

ಹೊಸ ಶಾಲೆಯ ತೆರೆ ಮಾಡುವ ಕೆಲಸವನ್ನು ಸ್ವಲ್ಪ ವಿವರವಾಗಿ ನೋಡೋಣ. ಬಿಸಿಲು ಮೊದಲು ಹೊರತೆರೆಗೆ ಬಡಿಯುತ್ತದೆ. ತೆರೆ ಕಾಯುತ್ತದೆ, ಹಿಂದಿನ ಗೋಡೆ ನೆರಳಿನಲ್ಲಿ ಉಳಿಯುತ್ತದೆ. ನಡುವಿನ 4 ಅಡಿ ಜಾಗದಲ್ಲಿ ಬಿಸಿಯಾದ ಗಾಳಿ ಹಗುರವಾಗಿ ಮೇಲಕ್ಕೆ ಏರಿ ಹೊರಟುಹೋಗುತ್ತದೆ. ರಂಧ್ರದ ಆಳ ಅದರ ಅಗಲಕ್ಕೆ ಸಮನಾಗಿದ್ದರೂ ಸಾಕು, ನೆತ್ತಿಯ ಕಡೆಯಿಂದ ಬೀಳುವ ಬಿಸಿಲು ಒಳಗೆ ನುಸುಳಲಾರದು; ಚದುರಿದ ತಿಳಿಬೆಳಕು ಮಾತ್ರ ಒಳಕ್ಕೆ ಬರುತ್ತದೆ. ಬಟ್ಟೆಯ ಬಣ್ಣ ನೋಡುವವರಿಗೆ ಬೇಕಾದದ್ದೂ ಅದೇ. ಆದರೆ ಸೂರ್ಯ ನಾಲ್ಕು ದಿಕ್ಕಿಗೂ ಒಂದೇ ಸಮನಾಗಿ ಉರಿಯುವುದಿಲ್ಲವಷ್ಟೆ. ಪಡುವಣ ಗೋಡೆಗೆ ಸಂಜೆಯ ಬಿಸಿಲು ಅಡ್ಡಡ್ಡವಾಗಿ ಬೀಳುತ್ತದೆ; ಬಡಗಣ ಗೋಡೆಗೆ ಬಿಸಿಲೇ ಅಪರೂಪ. ಆದ್ದರಿಂದ ಯಾವ ಮುಖದಲ್ಲಿ ರಂಧ್ರಗಳು ಎಷ್ಟು ದಟ್ಟವಾಗಿರಬೇಕು, ಎಷ್ಟು ವಿರಳವಾಗಿರಬೇಕು ಎಂಬುದನ್ನು ಕಂಪ್ಯೂಟರಿನಲ್ಲಿ ನೆರಳಿನ ಲೆಕ್ಕ ಹಾಕಿ ನಿರ್ಧರಿಸಿದರು. ಹಳೆಯ ಶಿಲ್ಪಿ ಕಣ್ಣಳತೆಯಲ್ಲಿ ಮಾಡುತ್ತಿದ್ದ ಕೆಲಸವನ್ನು ಇವರು ಯಂತ್ರದ ನೆರವಿನಿಂದ ಮಾಡಿದರು.

ತೆರೆಯ ಒಳಗೆ ಕಟ್ಟಡದ ಹೊರ ಆಕಾರ ನೇರಗೆರೆಯ ಪೆಟ್ಟಿಗೆಯಂತೆ ಇದ್ದರೂ, ಅದರ ಒಡಲಿನಲ್ಲಿ ಬಳುಕಿದ ಗೋಡೆಗಳ ಕಿರಿದಾದ ಅಂಗಳಗಳಿವೆ. ಅಂಗಳ ಕಿರಿದು, ಗೋಡೆ ಎತ್ತರ. ಒಂದು ಗೋಡೆಯ ನೆರಳು ಎದುರಿನ ಗೋಡೆಯ ಮೇಲೆ ಬೀಳುತ್ತದೆ. ತೊಟ್ಟಿಯ ಮನೆಯಲ್ಲಿ ಬೆಳೆದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಇನ್ನು ನನಗೆ ಎಲ್ಲಕ್ಕಿಂತ ಮೆಚ್ಚಿಕೆಯಾದ ಭಾಗಕ್ಕೆ ಬರುತ್ತೇನೆ. ಇಡೀ ಕಟ್ಟಡವನ್ನು ನೆಲದಿಂದ ಮೇಲಕ್ಕೆತ್ತಿ, ಅದರ ಅಡಿಯ ನೆಲವನ್ನು ತೋಡಿ ತಗ್ಗು ಮಾಡಿದ್ದಾರೆ. ಆ ತಗ್ಗಿನಲ್ಲಿ ಮೆಟ್ಟಿಲುಗಳು, ಕೊಳ. ವಿದ್ಯಾರ್ಥಿಗಳು ಕೂಡುವ, ತಮ್ಮ ಕೆಲಸವನ್ನು ಪ್ರದರ್ಶಿಸುವ ಸ್ಥಳವೂ ಅದೇ. ರಾಜಸ್ಥಾನ, ಗುಜರಾತುಗಳ ಮೆಟ್ಟಿಲು ಬಾವಿಗಳು ಇದಕ್ಕೆ ಮೂಲ. ಜಯಪುರದ ಸೀಮೆಯಲ್ಲೇ ಆಭಾನೇರಿ ಎಂಬ ಹಳ್ಳಿಯಲ್ಲಿ ಚಾಂದ್ ಬಾವಡಿ ಎಂಬ ಹದಿಮೂರು ಅಂತಸ್ತಿನ ಭಾರಿ ಬಾವಿಯುಂಟು. ಅದರ ಮೆಟ್ಟಿಲುಗಳನ್ನು 3,500 ಎಂದು ಎಣಿಸುತ್ತಾರೆ. ನಮ್ಮಲ್ಲಿ ಗದಗದ ಹತ್ತಿರದ ಲಕ್ಕುಂಡಿಯ ಮುಸುಕಿನ ಬಾವಿಗೆ ಇಳಿದವರಿಗೂ ಅನುಭವವಾಗಿರಬಹುದು: ಹತ್ತು ಮೆಟ್ಟಿಲು ಇಳಿದರೆ ಹವೆಯೇ ಬೇರೆ.

ಇದಕ್ಕೆ ಕಾರಣ ಎರಡು. ಒಂದು, ಭೂಮಿ. ಬಿಸಿಲು ಎಷ್ಟೇ ಕಾಯಿಸಿದರೂ ಆ ಕಾವು ಮಣ್ಣಿನೊಳಕ್ಕೆ ಬಹಳ ನಿಧಾನವಾಗಿ ಇಳಿಯುತ್ತದೆ. ಕೆಲವು ಮೀಟರು ಆಳಕ್ಕೆ ಹೋದರೆ ಬೇಸಗೆಯೂ ಇಲ್ಲ, ಚಳಿಗಾಲವೂ ಇಲ್ಲ. ಆ ಊರಿನ ವರ್ಷದ ಸರಾಸರಿ ಉಷ್ಣತೆಯೇ ಹೆಚ್ಚು ಕಡಿಮೆ ಅಲ್ಲಿ ನೆಲೆಸಿರುತ್ತದೆ. ಮಣ್ಣನ್ನು ನಾಲ್ಕೂ ಕಡೆ ಒತ್ತಿಕೊಂಡು ಕುಳಿತ ತಗ್ಗಿಗೆ ಈ ಸ್ಥಿರತೆಯ ಪಾಲು ಸಿಗುತ್ತದೆ. ಎರಡು, ನೀರು. ನೀರು ಆವಿಯಾಗಬೇಕಾದರೆ ಅದಕ್ಕೆ ಶಾಖ ಬೇಕು, ಆ ಶಾಖವನ್ನು ಅದು ಸುತ್ತಲ ಗಾಳಿಯಿಂದ ಕಿತ್ತುಕೊಳ್ಳುತ್ತದೆ. ಎಷ್ಟು ಶಾಖ? ಒಂದು ಲೀಟರು ಮಂಜಿನಷ್ಟು ತಣ್ಣನೆಯ ನೀರನ್ನು ಕುದಿಯುವವರೆಗೆ ಕಾಯಿಸಲು 100 ಕಿಲೋಕ್ಯಾಲೊರಿ ಸಾಕು. ಅದೇ ಒಂದು ಲೀಟರು ನೀರು ಕೊಳದಿಂದ ಸದ್ದಿಲ್ಲದೆ ಆವಿಯಾಗುವಾಗ ಸುಮಾರು 580 ಕಿಲೋಕ್ಯಾಲೊರಿಯನ್ನು ತೆಗೆದುಕೊಂಡು ಹೋಗುತ್ತದೆ. ಹೂಜಿಯ ನೀರು ತಣ್ಣಗಿರುವುದಕ್ಕೂ, ಬಾಗಿಲಿಗೆ ಕಟ್ಟಿ ನೀರು ಚಿಮುಕಿಸಿದ ಲಾವಂಚದ ತಟ್ಟಿಯಿಂದ ತಂಪು ಬರುವುದಕ್ಕೂ ಇದೇ ಕಾರಣ. ಗಾಳಿ ಒಣಗಿರಬೇಕು, ಅಷ್ಟೆ. ಆಗಲೇ ಹೇಳಿದ ಒದ್ದೆ ಬಟ್ಟೆಯನ್ನು ಈಗ ಜ್ಞಾಪಿಸಿಕೊಳ್ಳಿ.

“ಮರುಭೂಮಿಯ ಅಂಚಿನಲ್ಲಿ ಕುಡಿಯುವ ನೀರಿಗೇ ಪರದಾಟ, ಅಲ್ಲಿ ಕೊಳ ಕಟ್ಟಿ ನೀರನ್ನು ಗಾಳಿಗೆ ಬಿಡುವುದು ನ್ಯಾಯವೇ?” ಎಂದು ನೀವು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಕೊಳಕ್ಕೆ ಬರುವುದು ಹೊಸ ನೀರಲ್ಲ. ಶಾಲೆಯ ಕೊಳಚೆನೀರನ್ನೇ ಅಲ್ಲಿಯೇ ಶುದ್ಧಿಮಾಡಿ ಕೊಳಕ್ಕೆ ಬಿಡುವ ಏರ್ಪಾಡು ಅದು. ಒಮ್ಮೆ ಉಪಯೋಗವಾಗಿ ಚರಂಡಿಗೆ ಹೋಗಬೇಕಾದ ನೀರು ಇನ್ನೊಮ್ಮೆ ಕೆಲಸ ಮಾಡುತ್ತದೆ. ಮಳೆಯ ನೀರನ್ನು ಹಿಡಿದಿಡುವ ವ್ಯವಸ್ಥೆಯನ್ನೂ ಇದರ ಜೊತೆಗೇ ಮಾಡಿದರು. ಹೀಗಿಲ್ಲದೆ, ಬಾವಿಯ ನೀರನ್ನೆತ್ತಿ ಅಂದಕ್ಕಾಗಿ ಕಾರಂಜಿ ಹಾರಿಸಿದ್ದರೆ ನಾನು ಈ ಕಟ್ಟಡದ ಮಾತನ್ನೇ ಎತ್ತುತ್ತಿರಲಿಲ್ಲ.

ಮಾಡಿನ ಸಂಗತಿ ಇನ್ನೂ ಸ್ವಾರಸ್ಯವಾಗಿದೆ. ಚಪ್ಪಡಿಯ ಮೇಲೆ ಮಣ್ಣಿನ ಮಡಕೆಗಳನ್ನು ಬೋರಲಾಗಿ ಸಾಲುಸಾಲಾಗಿ ಜೋಡಿಸಿ, ನಡುವಿನ ಸಂದುಗಳಿಗೆ ಮರಳು, ಇಟ್ಟಿಗೆಯ ಚೂರು ತುಂಬಿ, ಮೇಲೆ ತೆಳ್ಳನೆಯ ಕಾಂಕ್ರೀಟು ಎಳೆದಿದ್ದಾರೆ. ಪ್ರತಿಯೊಂದು ಮಡಕೆಯ ಹೊಟ್ಟೆಯಲ್ಲೂ ಒಂದಿಷ್ಟು ಗಾಳಿ ಸೆರೆಯಾಗಿ ಉಳಿಯುತ್ತದೆ. ಅಲುಗಾಡದ ಗಾಳಿಗಿಂತ ಅಗ್ಗವಾದ ಶಾಖನಿರೋಧಕ ಬೇರೊಂದಿಲ್ಲ. ಚಳಿಗೆ ನಾವು ಹೊದೆಯುವ ಕಂಬಳಿಯೂ ಕೆಲಸ ಮಾಡುವುದು ಎಳೆಗಳ ನಡುವಿನ ಗಾಳಿಯಿಂದಲೇ. ಕಾರ್ಖಾನೆಯಲ್ಲಿ ತಯಾರಾದ ಹಲಗೆಗಳನ್ನು ದೂರದಿಂದ ಲಾರಿಯಲ್ಲಿ ತರಿಸುವ ಬದಲು ಮಡಕೆಗಳನ್ನು ಆರಿಸಿಕೊಂಡರೆ ಕುಂಬಾರನ ಆವಿಗೆಗೆ ಕೆಲಸ ಸಿಗುತ್ತದೆ. ಕರಕುಶಲ ವಿದ್ಯೆಯನ್ನು ಕಲಿಸಹೊರಟ ಶಾಲೆಗೆ ಇದಕ್ಕಿಂತ ಒಪ್ಪುವ ಮಾಡು ಯಾವುದು? ನಾಳೆ ಉಡುಪೋ ಪಾತ್ರೆಯೋ ಪೀಠೋಪಕರಣವೋ ಒಂದನ್ನು ರೂಪಿಸಬೇಕಾದ ಹುಡುಗಿ, ತನ್ನ ತಲೆಯ ಮೇಲಿರುವುದು ಮಡಕೆಯೆಂದು ತಿಳಿದ ದಿನ, ವಸ್ತುಗಳನ್ನು ನೋಡುವ ರೀತಿಯೇ ಸ್ವಲ್ಪ ಬದಲಾಗಬಹುದು. ಉಪಾಧ್ಯಾಯರು ಬಾಯಿ ತೆರೆಯುವ ಮೊದಲೇ ಕಟ್ಟಡ ಪಾಠ ಆರಂಭಿಸಿರುತ್ತದೆ.

ಇದೆಲ್ಲದರ ಫಲವೇನು? ಹೊರಗೆ 47 ಡಿಗ್ರಿ ಇದ್ದಾಗಲೂ ಒಳಗೆ 30ರ ಕೆಳಗೇ ಇರುತ್ತದೆಂದು ರೂಪಿಸಿದವರು ಹೇಳಿಕೊಂಡಿದ್ದಾರೆ. ಕಟ್ಟಿದವರೇ ಕೊಟ್ಟ ಲೆಕ್ಕವನ್ನು ಸ್ವಲ್ಪ ಕೈಹಿಡಿದೇ ತೆಗೆದುಕೊಳ್ಳುವುದು ನನ್ನ ಅಭ್ಯಾಸ. ಆದರೂ ನೆರಳು, ಮಣ್ಣು, ನೀರು, ಸೆರೆಹಿಡಿದ ಗಾಳಿ ಈ ನಾಲ್ಕೂ ಒಂದೇ ಕಡೆ ಸೇರಿದಾಗ ಫಲ ಗಣನೀಯವಾಗಿಯೇ ಇರಬೇಕೆಂಬುದರಲ್ಲಿ ಸಂದೇಹವಿಲ್ಲ.

ತೊಂದರೆಗಳನ್ನು ಹೇಳದೆ ಬಿಟ್ಟರೆ ಮಾತು ಪೂರ್ತಿಯಾಗದು. ಧೂಳಿನ ಸೀಮೆಯಲ್ಲಿ ಜಾಲಂಧ್ರವೆಂದರೆ ಧೂಳಿನ ಗೂಡು. ಗುಡಿಸುವವರನ್ನು ಕೇಳಿ ನೋಡಬೇಕು. ನಿಂತ ನೀರಿನಲ್ಲಿ ಸೊಳ್ಳೆ ಹುಟ್ಟದಂತೆ ದಿನವೂ ಕಾಯಬೇಕು. ತಗ್ಗಿನ ನೆಲಕ್ಕೆ ಜಡಿಮಳೆಯ ನೀರು ನುಗ್ಗದಂತೆ ದಾರಿ ಮಾಡಿರಬೇಕು. ಆಗಸ್ಟಿನಲ್ಲಿ ಗಾಳಿಯೇ ತೇವದಿಂದ ಭಾರವಾದಾಗ ಕೊಳ ಇದ್ದೂ ಇಲ್ಲದಂತೆ. ಜನವರಿಯ ಬೆಳಗ್ಗೆ ಎಲ್ಲರೂ ಬಿಸಿಲು ಕಾಯಿಸಲು ಹಾತೊರೆಯುವಾಗ ಈ ನೆರಳೆಲ್ಲ ಅತಿಯೆನಿಸೀತು. ಬಣ್ಣದ ಕೆಲಸ ನಡೆಯುವ ಯಾವ ಶಾಲೆಯಲ್ಲಿಯೂ ಬಣ್ಣದ ನೀರನ್ನು ಸ್ನಾನದ ನೀರಿನೊಂದಿಗೆ ಕಣ್ಣುಮುಚ್ಚಿ ಬೆರೆಸಕೂಡದು. ಅದಕ್ಕೆ ಬೇರೆಯೇ ಶುದ್ಧೀಕರಣ ಬೇಕು. ಯಂತ್ರವಾದರೆ ಗುಂಡಿ ಒತ್ತಿದರಾಯಿತು. ಇಂಥ ಕಟ್ಟಡದಲ್ಲಾದರೋ ವಾಸಿಸುವವರೂ ಸ್ವಲ್ಪ ದುಡಿಯಬೇಕು.

ನಮ್ಮ ದೇಶದಲ್ಲಿ ಈ ದಾರಿಯಲ್ಲಿ ನಡೆದವರು ಜಯಪುರದವರೇ ಮೊದಲಲ್ಲ. ಅಹಮದಾಬಾದಿನಲ್ಲಿ 1962ರಲ್ಲಿ ವಾಸ್ತುಶಿಲ್ಪದ ಶಾಲೆಯೊಂದು ಆರಂಭವಾಯಿತು. ಅದರ ಸ್ಥಾಪಕರಾದ ಬಾಲಕೃಷ್ಣ ದೋಶಿಯವರೇ ಅದರ ಕಟ್ಟಡವನ್ನೂ ಆ ದಶಕದಲ್ಲಿಯೇ ರೂಪಿಸಿದರು. ಗಿಲಾವು ಕಾಣದ ಇಟ್ಟಿಗೆಯ ಗೋಡೆಗಳು. ನಕ್ಷೆ ಬರೆಯುವ ಮೇಜುಗಳ ಮೇಲೆ ಬಡಗಣ ಬೆಳಕು ಮಾತ್ರ ಬೀಳುವಂತೆ ಓರೆಯಾದ ಬೆಳಕಿಂಡಿಗಳು. ಕಟ್ಟಡದ ಅಡಿಯಲ್ಲಿ ತೆರೆದ ನೆರಳಿನ ಜಾಗ. ಬಾಗಿಲುಗಳು ಆದಷ್ಟು ಕಡಿಮೆ ಇರಬೇಕೆಂಬುದು ದೋಶಿಯವರ ಹಟ. ಒಂದು ವರ್ಗದವರು ಮಾಡುವ ಕೆಲಸ ಇನ್ನೊಂದು ವರ್ಗದವರ ಕಣ್ಣಿಗೆ ಬೀಳಲಿ, ದಾರಿಹೋಕನೂ ನಿಂತು ನೋಡಲಿ ಎಂಬ ಉದ್ದೇಶ. ಗಾಳಿಗೂ ಅದೇ ದಾರಿ ಅನುಕೂಲವಾಯಿತು. 2018ರಲ್ಲಿ ಅವರಿಗೆ ಪ್ರಿಟ್ಜ್‌ಕರ್ ಪಾರಿತೋಷಕ ಬಂತು, 2023ರಲ್ಲಿ ತೀರಿಕೊಂಡರು. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಭಾರತೀಯ ವ್ಯವಸ್ಥಾಪನಾ ಸಂಸ್ಥೆಯ ಕಲ್ಲುಕಟ್ಟಡಗಳೂ ಅವರ ಕೈಯವೇ. ಅಲ್ಲಿ ಅವರು ಕೊಳವನ್ನೂ ತೋಡಲಿಲ್ಲ, ಜಾಲಂಧ್ರದಿಂದಲೂ ಮುಚ್ಚಲಿಲ್ಲ. ಉದ್ದನೆಯ ಓಣಿಗಳನ್ನು ಮಾಡಿ, ಮೇಲೆ ಅಲ್ಲಲ್ಲಿ ಆಕಾಶಕ್ಕೆ ಬಿಟ್ಟು, ಬಳ್ಳಿ ಹಬ್ಬಲು ಎಡೆಮಾಡಿದರು. ಬೆಂಗಳೂರಿನ ಹವೆಗೆ ಅಷ್ಟೇ ಸಾಕಿತ್ತು.

ನಾನು ಒತ್ತಿ ಹೇಳಬೇಕೆಂದಿರುವ ಅಂಶ ಇಲ್ಲಿದೆ. ಜಯಪುರದ ಕಟ್ಟಡದ ಚಿತ್ರವನ್ನು ಪತ್ರಿಕೆಯಲ್ಲಿ ನೋಡಿ ಮೆಚ್ಚಿದ ಶಾಲೆಯವರು, ಅದರಂತೆಯೇ ಒಂದು ಜಾಲಂಧ್ರ, ಒಂದು ಕೊಳ ನಮಗೂ ಇರಲಿ ಎಂದು ಹೊರಟರೆ ಕೆಲಸ ಕೆಟ್ಟಿತು. ಕಲಬುರಗಿ, ರಾಯಚೂರುಗಳ ಕಡೆಯಾದರೆ ಬೇಸಗೆಯ ಒಣಹವೆಗೆ ಬಹುಮಟ್ಟಿಗೆ ಆ ಮದ್ದೇ ಒಗ್ಗೀತು. ಶಹಾಬಾದಿನ ಕಲ್ಲು ಹತ್ತಿರದಲ್ಲೇ ಉಂಟು. ವಿಜಯಪುರದ ಇಬ್ರಾಹಿಂ ರೋಜಾದ ಕಿಟಕಿಗಳಲ್ಲಿ ಅಕ್ಷರಗಳನ್ನೇ ಜಾಲಂಧ್ರವಾಗಿ ಕೊರೆದ ಕೈಗಳ ನೆನಪೂ ಆ ಸೀಮೆಗೆ ಉಂಟು. ಸಮುದ್ರಮಟ್ಟದಿಂದ 900 ಮೀಟರು ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನಮಗೆ ಬೇಕಾದದ್ದು ಅಷ್ಟು ಪರಿಶ್ರಮವಲ್ಲ. ಪಡುವಣ ಬಿಸಿಲಿಗೆ ಅಡ್ಡವಾಗಿ ಮೆಟ್ಟಿಲುಕೋಣೆ, ಉಗ್ರಾಣಗಳನ್ನಿಟ್ಟು, ಬಡಗಣಕ್ಕೆ ಅಗಲವಾದ ಕಿಟಕಿ ತೆರೆದು, ಎದುರುಬದುರು ಗಾಳಿಯಾಡುವಂತೆ ಮಾಡಿದರೆ ಹೆಚ್ಚಿನ ಕೆಲಸ ಮುಗಿಯಿತು. ಗೋಡೆಗೆ ಬೇಕಾದ ಇಟ್ಟಿಗೆಯನ್ನು ಸುಡಲೂ ಬೇಕಾಗಿಲ್ಲ. ಭಾರತೀಯ ವಿಜ್ಞಾನ ಮಂದಿರದಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಎಂಬ ವಿಭಾಗದವರು, ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ ಅಚ್ಚಿನಲ್ಲಿ ಒತ್ತಿದ ಗಟ್ಟಿಗಳಿಂದ ಭದ್ರವಾದ ಗೋಡೆ ಕಟ್ಟಬಹುದೆಂದು ತೋರಿಸಿಕೊಟ್ಟಿದ್ದಾರೆ. ಇಂಥ ನೆಲದಲ್ಲಿ ಈಗ ಅಡಿಯಿಂದ ಮುಡಿಯವರೆಗೆ ಗಾಜು ಹೊದ್ದ ಕಟ್ಟಡಗಳು ಏಳುತ್ತಿರುವುದನ್ನು ನೋಡಿದರೆ ನಗು ಬರುತ್ತದೆ. ಅವುಗಳ ವಿದ್ಯುತ್ ಬಿಲ್ಲನ್ನು ಕಟ್ಟುವವರಿಗೆ ನಗು ಬರುತ್ತದೆಯೋ ಇಲ್ಲವೋ.

ಮಂಗಳೂರಿನಲ್ಲಿ ಒಂದು ವಿನ್ಯಾಸಶಾಲೆಯನ್ನು ಕಟ್ಟಬೇಕಾಗಿ ಬಂದರೆ ಲೆಕ್ಕವೆಲ್ಲ ತಲೆಕೆಳಗು. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ. ಗಾಳಿ ಸದಾ ತೇವ. ಅಲ್ಲಿ ಕೊಳದ ನೀರು ತಂಪು ಕೊಡದು, ಬರಿಯ ಬೂಷ್ಟು ಹಿಡಿಸೀತು. ತಗ್ಗು ತೋಡಿದರೆ ಜೂನಿನಲ್ಲಿ ಅದು ಕೆರೆ. ಅಲ್ಲಿ ಬೇಕಾದದ್ದು ಎತ್ತರದ ಜಗಲಿ, ಕಡಿದಾದ ಇಳಿಮಾಡು, ಗೋಡೆಗೆ ಎರಚಲು ಹೊಡೆಯದಷ್ಟು ಮುಂದಕ್ಕೆ ಚಾಚಿದ ಸೂರು, ಮೈಮೇಲೆ ಸದಾ ಹರಿಯುವ ಗಾಳಿ. ಬಾಸೆಲ್ ಮಿಶನ್ನಿನವರು 1865ರಲ್ಲಿ ಅಲ್ಲಿಯೇ ಹೆಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಆ ಹೆಂಚು ಊರಿನ ಹೆಸರನ್ನೇ ಹೊತ್ತು ದೇಶದೇಶಗಳನ್ನು ಕಂಡಿದೆ. ಹೆಂಚುಗಳ ಸಂದಿನಿಂದ ಒಳಗಿನ ಬಿಸಿಗಾಳಿ ತಾನಾಗಿಯೇ ಮೇಲೇರಿ ಹೋಗುತ್ತದೆ. ಯಾವ ಯಂತ್ರವೂ ಬೇಡ. ಖರ್ಚು ಉಳಿಯುತ್ತದೆಂದು ಅದರ ಬದಲು ತಗಡು ಹೊದಿಸುವವರೂ ಉಂಟು. ಆಷಾಢದ ಮಳೆ ಆ ತಗಡಿನ ಮೇಲೆ ಬಿದ್ದಾಗ ಉಪಾಧ್ಯಾಯರ ಪಾಠ ಹಾಗಿರಲಿ, ಪಕ್ಕದಲ್ಲಿಟ್ಟ ರೇಡಿಯೋ ಕೂಡ ಕೇಳಿಸದು.